ತನ್ನ ಬಿರುಕನ್ನು ತಾನೇ ತಿಳಿಸುವ ವಸ್ತು

ಗಾಜಿನ ಇಲ್ಲವೇ ಇಂಗಾಲದ ಸಣ್ಣ ಎಳೆಗಳನ್ನು ಬಟ್ಟೆಯಾಗಿ ನೇಯ್ದು ಅಥವಾ ಒಂದೇ ದಿಕ್ಕಿಗೆ ಸಾಲಾಗಿ ಹಾಸಿ, ಪದರದ ಮೇಲೆ ಪದರವಿಟ್ಟು, ರಾಳ ಉಣಿಸಿ ಗಟ್ಟಿಯಾಗಿಸಿದರೆ ಸಿಗುವುದು ಸಂಯೋಜಿತ ವಸ್ತು, ಅಂದರೆ ಕಾಂಪೋಸಿಟ್. ಎಳೆ ಭಾರ ಹೊರುತ್ತದೆ. ರಾಳವು ಎಳೆಗಳನ್ನು ಒಟ್ಟಾಗಿ ಹಿಡಿದು ಭಾರವನ್ನು ಒಂದರಿಂದ ಇನ್ನೊಂದಕ್ಕೆ ಹಂಚುತ್ತದೆ. ಪದರ ಜೋಡಿಸುವ ಹೊತ್ತಿನಲ್ಲೇ ನಡುವೆ ಅಳೆಯುವ ಸಾಧನವನ್ನೂ ಸೇರಿಸಿ, ವಸ್ತು ಎಷ್ಟು ಹಿಗ್ಗಿದೆ, ಎಷ್ಟು ಕಾದಿದೆ, ಎಲ್ಲಿ ಸೀಳಿದೆ ಎಂಬುದನ್ನು ಹೊರಗೆ ತಿಳಿಸುವಂತೆ ಮಾಡಿದರೆ ಅದು ಸ್ಮಾರ್ಟ್ ಕಾಂಪೋಸಿಟ್ ಎನಿಸಿಕೊಳ್ಳುತ್ತದೆ. ಇಲ್ಲಿ ಸಂವೇದಕವನ್ನು ಆಮೇಲೆ ಹೊರಗಿನಿಂದ ಅಂಟಿಸುವುದಿಲ್ಲ. ವಸ್ತು ರೂಪುಗೊಳ್ಳುವಾಗಲೇ ಅದು ಒಳಗೆ ಸೇರಿರುತ್ತದೆ. ಈ ತಂತ್ರದ ಶಕ್ತಿಯೂ ಅದೇ, ತೊಡಕೂ ಅದೇ.

ಚೆನ್ನೈ ನಗರದಲ್ಲಿ ಕಾಂಪೋಸಿಟ್ ಕಾಣದ ದಿಕ್ಕಿಲ್ಲ. ಕಾಸಿಮೇಡಿನಿಂದ ಮರೀನಾದವರೆಗಿನ ಮೀನುಗಾರರು ಒಂದು ಕಾಲಕ್ಕೆ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಕಟ್ಟುಮರದಲ್ಲಿ ಕಡಲಿಗಿಳಿಯುತ್ತಿದ್ದರು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಪರಿಹಾರವಾಗಿ ಬಂದವುಗಳಲ್ಲಿ ಹೆಚ್ಚಿನವು ಗಾಜಿನ ನಾರಿನ ದೋಣಿಗಳು; ಇಂದು ದಡದಲ್ಲಿ ಸಾಲುಗಟ್ಟಿ ನಿಂತಿರುವವು ಈ ‘ಫೈಬರ್ ಬೋಟು’ಗಳೇ. ಪೆರಂಬೂರಿನಲ್ಲಿ 1955ರಿಂದ ರೈಲು ಬೋಗಿ ತಯಾರಿಸುತ್ತಿರುವ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಿಂದ ಹೊರಬಂದ ವಂದೇ ಭಾರತ್ ರೈಲಿನ ಚೂಪು ಮೂತಿಯೂ ಗಾಜಿನ ನಾರು ಮತ್ತು ರಾಳದ್ದು. ತಮಿಳುನಾಡಿನ ದಕ್ಷಿಣ ತುದಿಯ ಮುಪ್ಪಂದಲ್‌ನಲ್ಲಿ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳೂ ಅವುಗಳದ್ದೇ. ಕರ್ನಾಟಕದವರಿಗೆ ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಬಯಲಿನಲ್ಲಿ ಕಾಣುವುದೂ ಇದೇ ಬಗೆಯ ರೆಕ್ಕೆ.

ಲೋಹಕ್ಕೂ ಕಾಂಪೋಸಿಟ್‌ಗೂ ಇರುವ ದೊಡ್ಡ ವ್ಯತ್ಯಾಸ ಗೊತ್ತಾಗುವುದು ಅವು ಕೆಡುವ ರೀತಿಯಲ್ಲಿ. ಉಕ್ಕಿನ ತಗಡಿಗೆ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ಬಳಲಿದರೆ ಮೇಲ್ಮೈಯಲ್ಲಿ ಬಿರುಕು ಮೂಡಿ ನಿಧಾನವಾಗಿ ಬೆಳೆಯುತ್ತದೆ. ನೋಡುವ ಕಣ್ಣಿಗೆ ಸುಳಿವು ಸಿಗುತ್ತದೆ. ಕಾಂಪೋಸಿಟ್ ಹಲಗೆಯ ಮೇಲೆ ಕೆಲಸಗಾರನ ಕೈಯಿಂದ ಸ್ಪ್ಯಾನರ್ ಜಾರಿ ಬಿದ್ದರೆ ಮೇಲೆ ಏನೂ ಕಾಣದಿರಬಹುದು. ಆದರೆ ಒಳಗೆ ಎರಡು ಪದರಗಳ ನಡುವಿನ ರಾಳ ಸೀಳಿ ಪದರಗಳು ಬೇರ್ಪಟ್ಟಿರುತ್ತವೆ. ಪೆಟ್ಟು ಬಿದ್ದ ಕಡೆಗಿಂತ ಹಿಂಬದಿಯಲ್ಲಿ ಹಾನಿ ಹೆಚ್ಚು ಹರಡಿರುವುದೂ ಸಾಮಾನ್ಯ. ಹೀಗೆ ಪದರ ಬಿಟ್ಟ ಹಲಗೆ ಎಳೆದಾಗ ಹೆಚ್ಚು ವ್ಯತ್ಯಾಸ ತೋರದೆ, ಒತ್ತಿದಾಗ ಮಾತ್ರ ತೆಳು ಪದರಗಳಾಗಿ ಬಾಗಿ ಮುರಿಯುತ್ತದೆ. ವಿಮಾನ ವಿನ್ಯಾಸಕಾರರು ಇಂಥ ‘ಕಂಡೂ ಕಾಣದ’ ಹಾನಿ ಇದ್ದೇ ಇದೆ ಎಂದು ಮೊದಲೇ ಲೆಕ್ಕ ಹಿಡಿದು, ಅದಕ್ಕಾಗಿ ದಪ್ಪ ಹೆಚ್ಚಿಸುತ್ತಾರೆ. ಕಾಂಪೋಸಿಟ್ ಬಳಸಿ ಉಳಿಸಬಹುದಾಗಿದ್ದ ತೂಕದ ಒಂದು ಪಾಲು ಈ ಅನುಮಾನಕ್ಕೇ ಹೋಗುತ್ತದೆ.

ಚೆನ್ನೈನಂಥ ಕಡಲೂರಿನಲ್ಲಿ ಇದಕ್ಕೆ ಹವೆಯೂ ಸೇರಿಕೊಳ್ಳುತ್ತದೆ. ಎಪಾಕ್ಸಿ ರಾಳ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ತೇವ ಹೀರಿದ ರಾಳ ಮೊದಲಿಗಿಂತ ಕಡಿಮೆ ಬಿಸಿಯಲ್ಲೇ ಮೆತ್ತಗಾಗತೊಡಗುತ್ತದೆ, ಎಳೆಯ ಮೇಲಿನ ಅದರ ಹಿಡಿತವೂ ಸಡಿಲವಾಗುತ್ತದೆ. ಒಣ ಚಳಿಯ ದೇಶದ ಪ್ರಯೋಗಾಲಯದಲ್ಲಿ ಅಳೆದ ಬಲವನ್ನು ಮೇ ತಿಂಗಳ ಬಂಗಾಳ ಕೊಲ್ಲಿಯ ದಡಕ್ಕೆ ಹಾಗೆಯೇ ತಂದು ಹಚ್ಚಲಾಗದು. ವಸ್ತು ತಾನು ಇರುವ ಜಾಗದಲ್ಲೇ ತನ್ನ ಸ್ಥಿತಿಯನ್ನು ತಿಳಿಸಬೇಕು ಎನ್ನುವುದಕ್ಕೆ ಇದೂ ಒಂದು ಗಟ್ಟಿ ಕಾರಣ.

ಹಾನಿಯನ್ನು ಹುಡುಕುವ ಹಳೆಯ ದಾರಿ ತಟ್ಟಿ ನೋಡುವುದು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುವಂತೆ, ತಂತ್ರಜ್ಞರು ಸಣ್ಣ ಸುತ್ತಿಗೆಯಿಂದಲೋ ನಾಣ್ಯದಿಂದಲೋ ಹಲಗೆಯನ್ನು ತಟ್ಟುತ್ತಾರೆ. ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ಶ್ರವಣಾತೀತ ಧ್ವನಿ, ಎಕ್ಸ್-ರೇ, ಬಿಸಿ ಮಾಡಿ ಶಾಖದ ಚಿತ್ರ ತೆಗೆಯುವುದು ಮುಂತಾದ ವಿಧಾನಗಳು ಇನ್ನಷ್ಟು ನಿಖರ. ಇವೆಲ್ಲಕ್ಕೂ ಒಂದೇ ಕೊರತೆ: ಯಂತ್ರ ನಿಲ್ಲಿಸಬೇಕು, ಆಳು ಹತ್ತಿರ ಹೋಗಬೇಕು. ನೂರು ಮೀಟರ್ ಎತ್ತರದಲ್ಲಿರುವ ಗಾಳಿ ರೆಕ್ಕೆಗೆ ಹಗ್ಗ ಕಟ್ಟಿಕೊಂಡು ಇಳಿದು ತಟ್ಟುವುದು ಎಷ್ಟು ಸಲ ಸಾಧ್ಯ? ಪರೀಕ್ಷೆ ಮಾಡಿದ ಮರುದಿನ ಆದ ಹಾನಿ ಮುಂದಿನ ಪರೀಕ್ಷೆಯವರೆಗೆ ಯಾರಿಗೂ ತಿಳಿಯದು.

ಒಳಗೆ ಹುದುಗಿಸುವ ಸಂವೇದಕಗಳಲ್ಲಿ ಅತ್ಯಂತ ಹೊಂದಿಕೊಂಡು ಹೋಗುವಂಥದ್ದು ಆಪ್ಟಿಕಲ್ ಫೈಬರ್. ಅದೂ ಗಾಜಿನ ಎಳೆಯೇ. ಟೆಲಿಫೋನ್ ಮತ್ತು ಇಂಟರ್ನೆಟ್ ಸಂಕೇತ ಸಾಗಿಸುವ ಫೈಬರಿನ ಗಾಜಿನ ವ್ಯಾಸ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಭಾಗ. ಅದರ ನಡುವಿನ ತಿರುಳಿನಲ್ಲಿ ಬೆಳಕು ಹರಿಯುತ್ತದೆ. ಕೆನಡಾದ ಒಟ್ಟಾವಾದಲ್ಲಿ ಕೆನೆತ್ ಹಿಲ್ ಮತ್ತು ಸಂಗಡಿಗರು 1978ರಲ್ಲಿ ಒಂದು ವಿಚಿತ್ರ ಗಮನಿಸಿದರು: ಪ್ರಬಲ ಲೇಸರ್ ಬೆಳಕು ಹರಿಸಿದಾಗ ತಿರುಳಿನ ಗಾಜಿನ ವಕ್ರೀಭವನ ಗುಣವೇ ಶಾಶ್ವತವಾಗಿ ಬದಲಾಗುತ್ತಿತ್ತು. 1989ರಲ್ಲಿ ಅಮೆರಿಕದ ಜೆರಾಲ್ಡ್ ಮೆಲ್ಟ್ಜ್ ತಂಡ ಫೈಬರಿನ ಪಕ್ಕದಿಂದ ನೇರಳಾತೀತ ಬೆಳಕನ್ನು ಪಟ್ಟೆಪಟ್ಟೆಯಾಗಿ ಬೀಳಿಸಿ, ಬೇಕಾದ ಕಡೆ ಬೇಕಾದ ಅಂತರದಲ್ಲಿ ಇಂಥ ಬದಲಾವಣೆ ಬರೆಯುವ ವಿಧಾನ ತೋರಿಸಿತು. ಹೀಗೆ ತಿರುಳಿನಲ್ಲಿ ಬರೆದ ಸಾಲುಗೆರೆಗಳಿಗೆ ಬ್ರಾಗ್ ಗ್ರೇಟಿಂಗ್ ಎಂದು ಹೆಸರು. ಹರಳಿನ ಅಣುಪದರಗಳಿಂದ ಎಕ್ಸ್-ಕಿರಣ ಚಿಮ್ಮುವ ನಿಯಮ ಕಂಡುಕೊಂಡು 1915ರಲ್ಲಿ ನೊಬೆಲ್ ಪಡೆದ ಬ್ರಾಗ್ ತಂದೆ-ಮಗನ ಹೆಸರು ಅದು. ಇಲ್ಲಿಯೂ ಕೆಲಸ ಮಾಡುವುದು ಅದೇ ನಿಯಮ.

ಗೆರೆಗೂ ಗೆರೆಗೂ ನಡುವೆ ಅರ್ಧ ಮೈಕ್ರಾನ್‌ಗಿಂತ ತುಸು ಹೆಚ್ಚು ಅಂತರ. ಒಂದು ಸೆಂಟಿಮೀಟರ್ ಉದ್ದದ ಗ್ರೇಟಿಂಗ್‌ನಲ್ಲಿ 18 ಸಾವಿರಕ್ಕೂ ಹೆಚ್ಚು ಗೆರೆಗಳು. ಹಲವು ಬಣ್ಣ ಬೆರೆತ ಬೆಳಕನ್ನು ಹರಿಸಿದರೆ ಗೆರೆಗಳ ಅಂತರಕ್ಕೆ ಹೊಂದುವ ಒಂದೇ ತರಂಗಾಂತರ ಹಿಂದಕ್ಕೆ ಚಿಮ್ಮುತ್ತದೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ಫೈಬರ್ ಹಿಗ್ಗಿದರೆ ಗೆರೆಗಳ ಅಂತರ ಹಿಗ್ಗುತ್ತದೆ, ಹಿಂದಿರುಗುವ ತರಂಗಾಂತರ ಬದಲಾಗುತ್ತದೆ. ಒಂದು ಮೀಟರ್ ಉದ್ದದ ವಸ್ತು ಒಂದು ಮೈಕ್ರಾನ್ ಹಿಗ್ಗಿದರೆ ಅದನ್ನು ಒಂದು ಮೈಕ್ರೋಸ್ಟ್ರೇನ್ ಎನ್ನುತ್ತಾರೆ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಒಂದು ಮೈಕ್ರೋಸ್ಟ್ರೇನ್‌ಗೆ ತರಂಗಾಂತರ ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. ಈಗಿನ ಉಪಕರಣಗಳು ಅಷ್ಟನ್ನು ಸಲೀಸಾಗಿ ಓದುತ್ತವೆ. ಒಂದೊಂದು ಗ್ರೇಟಿಂಗ್‌ಗೂ ಬೇರೆ ಬೇರೆ ತರಂಗಾಂತರ ಕೊಟ್ಟರೆ ಒಂದೇ ಎಳೆಯಲ್ಲಿ ಹತ್ತಿಪ್ಪತ್ತು ಬಿಂದುಗಳ ಸುದ್ದಿ ಸಿಗುತ್ತದೆ. ಒಂದೊಂದಕ್ಕೂ ಒಂದೊಂದು ಜೊತೆ ತಂತಿ ಎಳೆಯುವ ತಾಪತ್ರಯವಿಲ್ಲ. ವಿದ್ಯುತ್ ಹರಿಯದ ಕಾರಣ ಸಿಡಿಲಿನ ಭಯವೂ ಕಡಿಮೆ.

ತೊಂದರೆ ಕೊಡುವುದು ಬಿಸಿ. ಹಿಗ್ಗಿಗೆ ಸರಿಯುವ ತರಂಗಾಂತರ ತಾಪಕ್ಕೂ ಸರಿಯುತ್ತದೆ, ಡಿಗ್ರಿಗೆ ಸುಮಾರು 10 ಪಿಕೋಮೀಟರ್. ಅಂದರೆ ಒಂದು ಡಿಗ್ರಿ ಏರಿಕೆಯೊಂದೇ ಎಂಟು ಮೈಕ್ರೋಸ್ಟ್ರೇನ್ ಹಿಗ್ಗಿನ ವೇಷ ಹಾಕಿ ಬರುತ್ತದೆ. ಮುಂಜಾನೆಯ ತಂಪಿಗೂ ನಡುಹಗಲ ಬಿಸಿಲಿಗೂ ಹಲಗೆಯ ತಾಪದಲ್ಲಿ 30 ಡಿಗ್ರಿ ವ್ಯತ್ಯಾಸವಾದರೆ ಯಾವ ಭಾರವೂ ಇಲ್ಲದೆ 240 ಮೈಕ್ರೋಸ್ಟ್ರೇನ್ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪಕ್ಕದಲ್ಲೇ ಇನ್ನೊಂದು ಗ್ರೇಟಿಂಗನ್ನು ಸಣ್ಣ ಕೊಳವೆಯೊಳಗೆ ಸಡಿಲವಾಗಿ ಇಡುತ್ತಾರೆ. ಭಾರ ಅದನ್ನು ಮುಟ್ಟುವುದಿಲ್ಲ, ಬಿಸಿ ಮಾತ್ರ ಮುಟ್ಟುತ್ತದೆ. ಅದರ ಓದನ್ನು ಕಳೆದರೆ ಉಳಿಯುವುದು ನಿಜವಾದ ಹಿಗ್ಗು. ಈ ಲೆಕ್ಕ ಸರಿಯಾಗಿ ಮಾಡದ ಕಡೆ ಉಳಿದ ನಿಖರತೆಗೆಲ್ಲ ಬೆಲೆಯಿಲ್ಲ.

ಬಿಂದುಗಳಲ್ಲಿ ಮಾತ್ರವಲ್ಲ, ಫೈಬರಿನ ಉದ್ದಕ್ಕೂ ಅಳೆಯುವ ದಾರಿಯೂ ಇದೆ. ಗಾಜಿನಲ್ಲಿ ಹರಿಯುವ ಬೆಳಕಿನ ಅತ್ಯಲ್ಪ ಪಾಲು ಎಲ್ಲೆಡೆ ಚದುರಿ ಹಿಂದಿರುಗುತ್ತದೆ. ಆ ಚದುರಿಕೆಯ ಒಂದು ಬಗೆಗೆ ಚೆನ್ನೈ ಮತ್ತು ಬೆಂಗಳೂರು ಎರಡಕ್ಕೂ ಸೇರಿದ ಹೆಸರಿದೆ: ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1928ರಲ್ಲಿ ಕೊಲ್ಕತ್ತಾದಲ್ಲಿ ತಮ್ಮ ಶೋಧ ಪ್ರಕಟಿಸಿ, 1933ರಿಂದ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ ಅವರದು. ರಾಮನ್ ಚದುರಿಕೆಯಲ್ಲಿ ಮೂಲಕ್ಕಿಂತ ಹೆಚ್ಚು ಶಕ್ತಿ ಪಡೆದು ಬರುವ ಬೆಳಕಿನ ಪ್ರಮಾಣ ಗಾಜಿನ ತಾಪವನ್ನು ಅವಲಂಬಿಸಿರುತ್ತದೆ. ಬೆಳಕಿನ ಸಣ್ಣ ಮಿಡಿತ ಕಳುಹಿಸಿ, ಚದುರಿದ ಬೆಳಕು ಎಷ್ಟು ಹೊತ್ತಿಗೆ ಮರಳಿತು ಎಂದು ನೋಡಿದರೆ ಯಾವ ದೂರದಲ್ಲಿ ಎಷ್ಟು ತಾಪ ಎಂದು ಹೇಳಬಹುದು. ಹಿಗ್ಗನ್ನು ಹೀಗೆ ಉದ್ದಕ್ಕೂ ಅಳೆಯಲು ಬ್ರಿಲ್ವಾ ಎಂಬ ಇನ್ನೊಂದು ಬಗೆಯ ಚದುರಿಕೆ ನೆರವಾಗುತ್ತದೆ. ಇವು ಕಿಲೋಮೀಟರುಗಟ್ಟಲೆ ಉದ್ದದ ಕೊಳವೆ, ಸೇತುವೆ, ಕೇಬಲ್‌ಗಳಿಗೆ ಹೇಳಿ ಮಾಡಿಸಿದವು. ಅಂಗೈಯಗಲದ ಪದರ ಸೀಳನ್ನು ಹಿಡಿಯಲು ಇವುಗಳ ಕಣ್ಣು ಸಾಲದು.

ಎರಡನೆಯ ದೊಡ್ಡ ಬಗೆ ಪೀಜೋವಿದ್ಯುತ್ ಸಂವೇದಕ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ವಿದ್ಯುತ್ ಕೊಟ್ಟರೆ ಅದೇ ಹರಳು ಕಂಪಿಸುವುದೂ ಉಂಟು. ಹೀಗಾಗಿ ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಪಿಂಗಾಣಿಯ ತೆಳು ಬಿಲ್ಲೆಯೊಂದು ಕೇಳಬಲ್ಲದು, ನುಡಿಯಲೂಬಲ್ಲದು. ಕಾಂಪೋಸಿಟ್ ಹಲಗೆಯಲ್ಲಿ ಒಂದು ಬಿಲ್ಲೆ ಕಂಪಿಸಿದರೆ ಅಲೆ ಹಲಗೆಯ ಎರಡು ಮೈಗಳ ನಡುವೆ ಸಿಕ್ಕಿ, ಅಗಲಕ್ಕೆ ಹರಡಿ ದೂರ ಹೋಗುತ್ತದೆ. ಇಂಥ ಅಲೆಗಳ ಗಣಿತವನ್ನು ಹೊರೇಸ್ ಲ್ಯಾಂಬ್ 1917ರಲ್ಲೇ ಬಿಡಿಸಿಟ್ಟಿದ್ದರು. ದಾರಿಯಲ್ಲಿ ಪದರ ಬಿಟ್ಟ ಜಾಗವಿದ್ದರೆ ಅಲೆಯ ಒಂದು ಭಾಗ ಚಿಮ್ಮುತ್ತದೆ, ಒಂದು ಭಾಗ ತಡವಾಗಿ ತಲುಪುತ್ತದೆ. ಇನ್ನೊಂದು ಬಿಲ್ಲೆ ಅದನ್ನು ಕೇಳಿ, ಹಲಗೆ ಹೊಸದಾಗಿದ್ದಾಗಿನ ದಾಖಲೆಯೊಂದಿಗೆ ಹೋಲಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಫು-ಕುವೊ ಚಾಂಗ್ ಅವರ ತಂಡ ಇಂಥ ಬಿಲ್ಲೆಗಳ ಜಾಲವನ್ನೇ ತೆಳು ಹಾಳೆಯಲ್ಲಿ ಕೂರಿಸಿ, ಪದರಗಳ ನಡುವೆ ಇನ್ನೊಂದು ಪದರವಾಗಿ ಇಡುವಂತೆ ಮಾಡಿತು.

ಈ ಅಲೆಗಳ ಅಧ್ಯಯನಕ್ಕೆ ಚೆನ್ನೈನಲ್ಲಿ ಗಟ್ಟಿ ನೆಲೆಯಿದೆ. 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಆರಂಭವಾದ ಐಐಟಿ ಮದರಾಸಿನಲ್ಲಿ, ವಸ್ತುವನ್ನು ಕೆಡಿಸದೆ ಪರೀಕ್ಷಿಸುವ ವಿಧಾನಗಳಿಗೆಂದೇ ಒಂದು ಕೇಂದ್ರವಿದ್ದು, ಪ್ರೊಫೆಸರ್ ಕೃಷ್ಣನ್ ಬಾಲಸುಬ್ರಮಣಿಯಂ ಅದನ್ನು ಬೆಳೆಸಿದರು. ಅಲ್ಲಿಂದ ಬಂದ ಒಂದು ಕೆಲಸ ಈ ವಿಷಯಕ್ಕೆ ವಿಶೇಷವಾಗಿ ಸಲ್ಲುತ್ತದೆ. ದೊಡ್ಡ ಕಾಂಪೋಸಿಟ್ ಭಾಗಗಳನ್ನು ಮಾಡುವಾಗ ಒಣ ಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ಮುಚ್ಚಿ, ರಾಳವನ್ನು ಒಳಗೆ ಹರಿಸುತ್ತಾರೆ. ಮುಚ್ಚಿದ ಅಚ್ಚಿನಲ್ಲಿ ರಾಳ ಎಲ್ಲಿಯವರೆಗೆ ಬಂದಿದೆ ಎಂದು ಕಾಣುವುದಿಲ್ಲ. ಒಂದು ಮೂಲೆ ಒಣಗಿಯೇ ಉಳಿದರೆ ಭಾಗವೇ ಕೆಟ್ಟಂತೆ. ಸಣ್ಣ ಲೋಹದ ತಂತಿಯೊಂದನ್ನು ಅಚ್ಚಿನೊಳಗೆ ಇಟ್ಟು, ಅದರಲ್ಲಿ ತಿರುಚುವ ಶ್ರವಣಾತೀತ ಅಲೆ ಕಳುಹಿಸಿದರೆ, ರಾಳ ತಂತಿಯನ್ನು ಮುಟ್ಟಿದಷ್ಟು ಉದ್ದಕ್ಕೂ ಅಲೆಯ ಓಟ ಬದಲಾಗುತ್ತದೆ. ಅದನ್ನು ಓದಿ ರಾಳದ ಮುಂಚೂಣಿ ಎಲ್ಲಿದೆ ಎಂದು ಹೇಳುವ ವಿಧಾನವನ್ನು ಆ ಕೇಂದ್ರದವರು 2007ರಲ್ಲಿ ಪ್ರಕಟಿಸಿದರು.

ಸ್ಮಾರ್ಟ್ ಕಾಂಪೋಸಿಟ್ ಎಂದರೆ ಹಾರುವ ವಿಮಾನದ ಬಿರುಕು ಹಿಡಿಯುವುದು ಎಂದಷ್ಟೇ ಭಾವಿಸುವವರು ಈ ಹಂತವನ್ನು ಮರೆಯುತ್ತಾರೆ. ಹುದುಗಿದ ಸಂವೇದಕದ ಮೊದಲ ಉಪಯೋಗ, ಬಹುಶಃ ಅತ್ಯಂತ ಖಚಿತವಾದ ಉಪಯೋಗ, ತಯಾರಿಕೆಯ ಹೊತ್ತಿನದು. ರಾಳ ಗಟ್ಟಿಯಾಗುವಾಗ ಕುಗ್ಗುತ್ತದೆ, ರಾಸಾಯನಿಕ ಕ್ರಿಯೆಯಿಂದ ಬಿಸಿ ಹೊಮ್ಮಿಸುತ್ತದೆ. ದಪ್ಪ ಭಾಗದ ನಡುವೆ ಬಿಸಿ ಹೆಚ್ಚಿ, ಅಂಚು ಮೊದಲೇ ತಣ್ಣಗಾಗಿ, ಒಳಗೊಂದು ಶಾಶ್ವತ ಎಳೆತ ಉಳಿದುಬಿಡುತ್ತದೆ. ಹೊರಗೆ ಅಂಟಿಸಿದ ಯಾವ ಮಾಪಕಕ್ಕೂ ಇದು ತಿಳಿಯದು, ಏಕೆಂದರೆ ಅದನ್ನು ಅಂಟಿಸುವ ಹೊತ್ತಿಗೆ ಎಳೆತ ಆಗಲೇ ಕೂತಿರುತ್ತದೆ. ಒಳಗಿದ್ದ ಫೈಬರ್ ಮಾತ್ರ ಅದನ್ನು ಮೊದಲಿನಿಂದ ದಾಖಲಿಸಿರುತ್ತದೆ.

ಮೂರನೆಯ ಬಗೆಯಲ್ಲಿ ಹೊರಗಿನದೇನೂ ಬೇಡ; ವಸ್ತುವೇ ಸಂವೇದಕ. ಇಂಗಾಲದ ನಾರು ವಿದ್ಯುತ್ ವಾಹಕ. ನಾರು ಮುರಿದರೆ ಉದ್ದಕ್ಕೆ ವಿದ್ಯುತ್ ರೋಧ ಹೆಚ್ಚುತ್ತದೆ, ಪದರ ಬಿಟ್ಟರೆ ಮೇಲಿನಿಂದ ಕೆಳಕ್ಕೆ ರೋಧ ಹೆಚ್ಚುತ್ತದೆ. ಗಾಜಿನ ನಾರಿಗೆ ಈ ಗುಣವಿಲ್ಲ, ಆದರೆ ರಾಳದಲ್ಲಿ ಅತ್ಯಲ್ಪ ಇಂಗಾಲದ ನ್ಯಾನೋಕೊಳವೆ ಬೆರೆಸಿದರೆ ಅವು ಒಂದನ್ನೊಂದು ಮುಟ್ಟಿ ವಾಹಕ ಜಾಲವಾಗುತ್ತವೆ. ರಾಳದಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಜಾಲ ಕಡಿದು ರೋಧ ಏರುತ್ತದೆ. ಕಾಂಕ್ರೀಟಿಗೆ ಇಂಗಾಲದ ಸಣ್ಣ ನಾರು ಸೇರಿಸಿ ಇದೇ ಕೆಲಸ ಮಾಡಿಸಬಹುದೆಂದು ಅಮೆರಿಕದ ಬಫಲೋದಲ್ಲಿ ಡೆಬೊರಾ ಚುಂಗ್ 1990ರ ದಶಕದಲ್ಲಿ ತೋರಿಸಿದರು. ಚೆನ್ನೈನ ತರಮಣಿಯಲ್ಲಿರುವ ಸಿಎಸ್‌ಐಆರ್‌ನ ಸ್ಟ್ರಕ್ಚರಲ್ ಎಂಜಿನಿಯರಿಂಗ್ ರಿಸರ್ಚ್ ಸೆಂಟರ್ ಉಕ್ಕಿನ ಸರಳಿನ ಬದಲು ಗಾಜಿನ ನಾರಿನ ಬಟ್ಟೆ ಹಾಸಿದ ತೆಳು ಕಾಂಕ್ರೀಟ್ ಹಲಗೆಗಳನ್ನು ರೂಪಿಸಿದೆ. ಸೇತುವೆ ಮತ್ತು ಕಟ್ಟಡಗಳ ಆರೋಗ್ಯ ಅಳೆಯುವುದೂ ಅಲ್ಲಿನ ಮುಖ್ಯ ಕೆಲಸ. ಇವೆರಡೂ ಕೂಡುವ ಕಡೆ ಬಹಳ ದೊಡ್ಡ ಅವಕಾಶವಿದೆ. ನಾರಿನ ಬಟ್ಟೆಯನ್ನು ನೇಯುವಾಗಲೇ ಒಂದು ಹಾಸಿನಲ್ಲಿ ಆಪ್ಟಿಕಲ್ ಫೈಬರನ್ನೋ ಇಂಗಾಲದ ಎಳೆಯನ್ನೋ ಸೇರಿಸಬಹುದು. ಉಕ್ಕಿನ ಸರಳಿಗೆ ಆ ಸೌಲಭ್ಯವಿಲ್ಲ.

ಹುದುಗಿಸುವುದರಲ್ಲಿನ ನಿಜವಾದ ಕಷ್ಟ ಗಾತ್ರದ್ದು. ಇಂಗಾಲದ ನಾರಿನ ದಪ್ಪ 5ರಿಂದ 7 ಮೈಕ್ರಾನ್, ಒಂದು ಪದರದ ದಪ್ಪ ಸಾಮಾನ್ಯವಾಗಿ 125 ಮೈಕ್ರಾನ್. ಹೊದಿಕೆ ಸೇರಿ 250 ಮೈಕ್ರಾನ್ ಇರುವ ಫೈಬರ್ ಅದರ ನಡುವೆ ಎರಡು ಪದರದಷ್ಟು ದಪ್ಪ. ನಾರಿನ ದಿಕ್ಕಿಗೆ ಸಮಾನಾಂತರವಾಗಿ ಇಟ್ಟರೆ ನಾರುಗಳು ಸರಿದು ಜಾಗ ಕೊಡುತ್ತವೆ. ಅಡ್ಡ ಇಟ್ಟರೆ ಸುತ್ತ ಕಣ್ಣಿನಾಕಾರದ ಸಂದಿಯುಂಟಾಗಿ ಬರೀ ರಾಳ ತುಂಬುತ್ತದೆ. ಹಾನಿ ಹಿಡಿಯಲು ಇಟ್ಟದ್ದೇ ಹಾನಿಯ ಮೊದಲ ಜಾಗವಾಗಬಹುದು. ಜಪಾನಿನ ನೊಬುವೊ ತಕೇದ ಮತ್ತು ಸಂಗಡಿಗರು ಇದಕ್ಕಾಗಿಯೇ ಹೊದಿಕೆ ಸೇರಿ ಸುಮಾರು 52 ಮೈಕ್ರಾನ್ ಇರುವ ಸಣ್ಣ ಫೈಬರ್ ಬಳಸಿದರು. ಆದರೆ ಅಂಥ ಎಳೆಯನ್ನು ಕಾರ್ಖಾನೆಯ ಕೆಲಸಗಾರ ಕೈಯಲ್ಲಿ ಹಿಡಿದು ಹಾಸುವಾಗ ಕಡಿಯದಂತೆ ನೋಡಿಕೊಳ್ಳುವುದು ಬೇರೆಯೇ ಪರೀಕ್ಷೆ. ಫೈಬರ್ ಹಲಗೆಯಿಂದ ಹೊರಬರುವ ತುದಿ ಎಲ್ಲಕ್ಕಿಂತ ದುರ್ಬಲ. ಗಟ್ಟಿಯಾದ ಹಲಗೆಯ ಅಂಚನ್ನು ಕತ್ತರಿಸಿ ಸಮ ಮಾಡುವುದು ವಾಡಿಕೆ. ಆ ಕತ್ತರಿಗೆ ಫೈಬರ್ ತುದಿಯೂ ಸಿಕ್ಕರೆ ಅಷ್ಟು ಶ್ರಮವೂ ಹೋಯಿತು.

ಭಾರತದಲ್ಲಿ ಈ ವಿದ್ಯೆಗೆ ನಿಜವಾದ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾಗಿದ್ದ ಕನ್ನಡಿಗ ವಿ. ಕೆ. ಆತ್ರೆ ಅವರ ನೇತೃತ್ವದಲ್ಲಿ 2000ದ ದಶಕದಲ್ಲಿ ಸ್ಮಾರ್ಟ್ ವಸ್ತುಗಳ ರಾಷ್ಟ್ರೀಯ ಕಾರ್ಯಕ್ರಮ, ಅದರ ಬೆನ್ನಿಗೆ ಸೂಕ್ಷ್ಮ ಹಾಗೂ ಸ್ಮಾರ್ಟ್ ವ್ಯವಸ್ಥೆಗಳ ಕಾರ್ಯಕ್ರಮ ನಡೆದವು. ಹಗುರ ಯುದ್ಧವಿಮಾನ ತೇಜಸ್‌ಗೆ ಕಾಂಪೋಸಿಟ್ ಭಾಗಗಳನ್ನು ಮಾಡಿ ಅನುಭವ ಗಳಿಸಿದ್ದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇ ಮತ್ತು ಇಸ್ರೇಲಿನ ತಂತ್ರಜ್ಞರೊಂದಿಗೆ ಸೇರಿ, 2010ರ ಆಸುಪಾಸಿನ ವರ್ಷಗಳಲ್ಲಿ ‘ನಿಶಾಂತ್’ ಚಾಲಕರಹಿತ ವಿಮಾನದಲ್ಲಿ ಈ ತಂತ್ರವನ್ನು ಹಾರಿಸಿಯೇ ನೋಡಿತು. ನಿಶಾಂತ್‌ಗೆ ಹಿಂದಕ್ಕೆ ಚಾಚಿದ ಎರಡು ಕಾಂಪೋಸಿಟ್ ತೋಳುಗಳಿದ್ದವು. ಬಾಲದ ರೆಕ್ಕೆಯನ್ನು ಹೊರುತ್ತಿದ್ದುದು ಅವೇ. ಆ ತೋಳುಗಳನ್ನು ಮಾಡುವಾಗಲೇ ಬ್ರಾಗ್ ಗ್ರೇಟಿಂಗ್ ಇರುವ ಫೈಬರ್‌ಗಳನ್ನು ಒಳಗೆ ಹುದುಗಿಸಿದರು.

ಈ ವಿಮಾನದ ಆಯ್ಕೆ ಜಾಣತನದ್ದು. ನಿಶಾಂತ್‌ಗೆ ಓಡುದಾರಿ ಬೇಕಿರಲಿಲ್ಲ. ಲಾರಿಯ ಮೇಲಿನ ಹಳಿಯಿಂದ ಅದನ್ನು ಒಮ್ಮೆಗೇ ಚಿಮ್ಮಿಸಿ ಹಾರಿಸುತ್ತಿದ್ದರು, ಇಳಿಯುವಾಗ ಪ್ಯಾರಾಚೂಟ್ ಬಿಚ್ಚಿ ನೆಲಕ್ಕೆ ಬೀಳಿಸುತ್ತಿದ್ದರು. ಚಿಮ್ಮುವ ಕ್ಷಣದ ಮತ್ತು ನೆಲ ತಾಗುವ ಕ್ಷಣದ ಪೆಟ್ಟು ಹಾರಾಟದ ಭಾರಕ್ಕಿಂತ ತೀರ ಬೇರೆ ತರದ್ದು. ಮನುಷ್ಯರಿಲ್ಲದ ವಿಮಾನವಾದ್ದರಿಂದ ಪ್ರಯೋಗಕ್ಕೆ ಅಪಾಯವೂ ಕಡಿಮೆ. ಹಾರಾಟದಿಂದ ಹಾರಾಟಕ್ಕೆ ಬಂದ ಓದುಗಳನ್ನು ಹೋಲಿಸಿ, ಅದೇ ಭಾರಕ್ಕೆ ತೋಳು ಅದೇ ರೀತಿ ಸ್ಪಂದಿಸುತ್ತಿದೆಯೇ ಎಂದು ನೋಡುವುದು ಇಲ್ಲಿನ ಸೂತ್ರ. ಬಿರುಕನ್ನು ನೇರವಾಗಿ ಹುಡುಕುವುದಕ್ಕಿಂತ ಇದು ನಂಬಿಕೆಗೆ ಅರ್ಹವಾದ ದಾರಿ. ಸಂವೇದಕ ಬಿರುಕಿನ ಮೇಲೆಯೇ ಕೂತಿರಬೇಕೆಂಬ ಅದೃಷ್ಟದ ಮಾತು ಇದರಲ್ಲಿಲ್ಲ.

ತಮಿಳುನಾಡಿನ ಮಟ್ಟಿಗೆ ಹುದುಗು ಸಂವೇದಕಕ್ಕೆ ಅತ್ಯಂತ ಯೋಗ್ಯವಾದ ಜಾಗ ಗಾಳಿ ರೆಕ್ಕೆ. ರಾಜ್ಯದ ಗಾಳಿ ವಿದ್ಯುತ್ ಸಾಮರ್ಥ್ಯ 10 ಸಾವಿರ ಮೆಗಾವಾಟ್ ದಾಟಿದೆ. ಚೆನ್ನೈನ ಪಳ್ಳಿಕರಣೈಯಲ್ಲಿ 1998ರಲ್ಲಿ ಸಿ-ವೆಟ್ ಹೆಸರಿನಲ್ಲಿ ಆರಂಭವಾದ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ, ತೂತ್ತುಕುಡಿ ಜಿಲ್ಲೆಯ ಕಯತ್ತಾರಿನಲ್ಲಿ ಗಾಳಿಯಂತ್ರಗಳನ್ನು ಪರೀಕ್ಷಿಸುವ ಕೇಂದ್ರ ನಡೆಸುತ್ತದೆ. ರೆಕ್ಕೆ ನಿಮಿಷಕ್ಕೆ 12 ಸುತ್ತಿನಂತೆ ನಿಲ್ಲದೆ ತಿರುಗಿದರೆ 20 ವರ್ಷದಲ್ಲಿ 12 ಕೋಟಿಗೂ ಹೆಚ್ಚು ಸುತ್ತು. ಪ್ರತಿ ಸುತ್ತಿನಲ್ಲೂ ರೆಕ್ಕೆಯ ಸ್ವಂತ ತೂಕ ಒಮ್ಮೆ ಒಂದು ಅಂಚನ್ನು, ಒಮ್ಮೆ ಇನ್ನೊಂದು ಅಂಚನ್ನು ಎಳೆಯುತ್ತದೆ. ವಿದ್ಯುತ್ ತಂತಿಯ ಮಾಪಕಗಳು ಸಿಡಿಲಿಗೆ ಸುಟ್ಟುಹೋಗುವ ಎತ್ತರದಲ್ಲಿ ಗಾಜಿನ ಫೈಬರ್ ಉಳಿದುಕೊಳ್ಳುತ್ತದೆ. ರೆಕ್ಕೆಯ ಬುಡದಲ್ಲಿ ಗ್ರೇಟಿಂಗ್ ಇಟ್ಟು ಬಾಗುವಿಕೆ ಅಳೆದು, ಅದರಂತೆ ಪ್ರತಿ ರೆಕ್ಕೆಯ ಕೋನವನ್ನು ಬೇರೆ ಬೇರೆಯಾಗಿ ತಿರುಗಿಸಿ ಭಾರ ಇಳಿಸುವ ವ್ಯವಸ್ಥೆಗಳು ಜಗತ್ತಿನ ಹಲವೆಡೆ ಬಳಕೆಗೆ ಬಂದಿವೆ. ಹಾನಿ ಹುಡುಕುವುದಕ್ಕಿಂತ ಹಾನಿ ಆಗದಂತೆ ನೋಡಿಕೊಳ್ಳುವ ಈ ಉಪಯೋಗವೇ ಖರ್ಚನ್ನು ಮೊದಲು ಮರಳಿಸುತ್ತದೆ.

ಎಲ್ಲ ಕಾಂಪೋಸಿಟ್‌ಗೂ ಸಂವೇದಕ ಬೇಕಿಲ್ಲ. ಮೀನುಗಾರನ ಫೈಬರ್ ಬೋಟನ್ನು ದಿನವೂ ಕೈಯಿಂದ ಮುಟ್ಟಿ ನೋಡಬಹುದು, ಸೀಳಿದರೆ ದಡದಲ್ಲೇ ಬಟ್ಟೆ ಹಾಸಿ ರಾಳ ಬಳಿಯಬಹುದು; ಅದಕ್ಕೆ ಬೆಳಕಿನ ಉಪಕರಣ ಹೊರೆಯೇ ಸರಿ. ಹತ್ತಿರ ಹೋಗಲಾಗದ, ಕೆಟ್ಟರೆ ಜೀವಹಾನಿಯಾಗುವ ಕಡೆ ಇದು ಬೇಕು. ನಾರು ಸುತ್ತಿದ ಅನಿಲ ಸಿಲಿಂಡರ್ ಅಂಥದ್ದು. ಪೆರಂಬೂರಿನ ಕಾರ್ಖಾನೆ 2025ರ ಜುಲೈಯಲ್ಲಿ ಹೈಡ್ರೋಜನ್‌ನಿಂದ ಓಡುವ ರೈಲು ಬೋಗಿಯನ್ನು ಪರೀಕ್ಷಿಸಿತು. ಹೈಡ್ರೋಜನ್ ವಾಹನಗಳಲ್ಲಿ ಅನಿಲವನ್ನು ಸಾಮಾನ್ಯವಾಗಿ 350 ಇಲ್ಲವೇ 700 ಬಾರ್ ಒತ್ತಡದಲ್ಲಿ ತುಂಬುತ್ತಾರೆ, ಹಗುರವಾಗಲೆಂದು ಸಿಲಿಂಡರಿಗೆ ಇಂಗಾಲದ ನಾರು ಸುತ್ತುತ್ತಾರೆ. ಆ ಸುತ್ತಿನೊಂದಿಗೆ ಒಂದು ಆಪ್ಟಿಕಲ್ ಫೈಬರನ್ನೂ ಸುತ್ತಿದರೆ ಅನಿಲ ತುಂಬುವ ಪ್ರತಿ ಸಲವೂ ಒಂದು ಪರೀಕ್ಷೆಯಾಗುತ್ತದೆ: ಒತ್ತಡ ಎಷ್ಟೆಂದು ಗೊತ್ತು, ಗೋಡೆ ಎಷ್ಟು ಹಿಗ್ಗಿತೆಂದು ಫೈಬರ್ ಹೇಳುತ್ತದೆ. ಅದೇ ಒತ್ತಡಕ್ಕೆ ವರ್ಷದಿಂದ ವರ್ಷಕ್ಕೆ ಹಿಗ್ಗು ಹೆಚ್ಚುತ್ತಿದ್ದರೆ ಗೋಡೆ ಬಿಗಿ ಕಳೆದುಕೊಳ್ಳುತ್ತಿದೆ ಎಂದರ್ಥ. ನಮ್ಮಲ್ಲಿ ವಾಹನಗಳ ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ ನೀರಿನ ಒತ್ತಡದಲ್ಲಿ ಪರೀಕ್ಷಿಸುವ ನಿಯಮವಿದೆ. ಫೈಬರಿನ ಓದನ್ನು ಅಂಥ ಪರೀಕ್ಷೆಯ ಬದಲಿಗೆ ಒಪ್ಪಬೇಕಾದರೆ, ಸಂವೇದಕ ಸಿಲಿಂಡರಿನ ಇಡೀ ಆಯುಷ್ಯದುದ್ದಕ್ಕೂ ತಪ್ಪದೆ ಕೆಲಸ ಮಾಡುತ್ತದೆಂದು ಮೊದಲು ತೋರಿಸಬೇಕು. ಅಲ್ಲಿಯವರೆಗೆ ಎರಡೂ ಪರೀಕ್ಷೆಗಳು ಒಟ್ಟಿಗೇ ನಡೆಯಬೇಕು.